ಮೂಲ ಜರ್ಮಾನಿಕ್ ವ್ಯಾಕರಣದ ಪುನಾರಚನೆ: ಗಾಥಿಕ್ ಸಾಕ್ಷ್ಯದ ಮಿತಿ
ಮೂಲ ಜರ್ಮಾನಿಕ್ ಭಾಷೆಯಲ್ಲಿ ಬರೆದ ಒಂದು ಗ್ರಂಥವೂ ನಮಗೆ ದೊರೆತಿಲ್ಲ. ಇಂಗ್ಲಿಷ್, ಜರ್ಮನ್, ಡಚ್, ಸ್ಕ್ಯಾಂಡಿನೇವಿಯದ ಭಾಷೆಗಳು ಹಾಗೂ ಈಗ ಅಳಿದುಹೋಗಿರುವ ಗಾಥಿಕ್, ಇವುಗಳ ತೌಲನಿಕ ಅಧ್ಯಯನದಿಂದಲೇ ಅದರ ವ್ಯಾಕರಣವನ್ನು ಪುನಾರಚಿಸಲಾಗಿದೆ. ಇವುಗಳ ಪೈಕಿ ವಿಸ್ತಾರವಾದ ಪಠ್ಯವುಳ್ಳ ಅತ್ಯಂತ ಹಳೆಯ ಭಾಷೆ ಗಾಥಿಕ್. ವುಲ್ಫಿಲನ ಬೈಬಲ್ ಅನುವಾದ ಕ್ರಿ.ಶ. 4ನೆಯ ಶತಮಾನದ್ದು. ಆದುದರಿಂದ ಮೂಲರೂಪದ ಬಗ್ಗೆ ಸಂದೇಹ ಬಂದಾಗ ಗಾಥಿಕ್ ಸಾಕ್ಷ್ಯವನ್ನೇ ಅಂತಿಮವೆಂದು ಭಾವಿಸುವುದು ಸಹಜ. ಈ ಭಾವನೆ ಎಷ್ಟರಮಟ್ಟಿಗೆ ಸಮರ್ಥನೀಯವೆಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

1822ರಲ್ಲಿ ಯಾಕೋಬ್ ಗ್ರಿಮ್ ನಿರೂಪಿಸಿದ ಧ್ವನಿ ಪಲ್ಲಟದ ಪ್ರಕಾರ ಇಂಡೋ-ಯುರೋಪಿಯನ್ನಿನ ಪ, ತ, ಕ ಸ್ಪರ್ಶಗಳು ಜರ್ಮಾನಿಕ್ಕಿನಲ್ಲಿ ಘರ್ಷಗಳಾದವು. (ಡೇನಿಷ್ ವಿದ್ವಾಂಸ ರಾಸ್ಕ್ 1818ರಲ್ಲಿಯೇ ಇದನ್ನು ಬಹುಮಟ್ಟಿಗೆ ಗುರುತಿಸಿದ್ದನು; ಕೀರ್ತಿ ಮಾತ್ರ ಗ್ರಿಮ್‌ಗೆ ಸಂದಿತು.) ಸಂಸ್ಕೃತದ ‘ಭ್ರಾತೃ’ವಿಗೆ ಗಾಥಿಕ್ಕಿನಲ್ಲಿ ‘ಬ್ರೋಥರ್’ ಇರುವುದು ನಿಯಮಬದ್ಧ. ಆದರೆ ‘ಪಿತೃ’ವಿಗೆ ‘ಫಥರ್’ ಎಂದಿರದೆ ‘ಫದರ್’ ಎಂದಿದೆ. ಒಂದೇ ತಕಾರಕ್ಕೆ ಎರಡು ಗತಿ ಹೇಗೆ?

ಇದಕ್ಕೆ ಉತ್ತರ ಕೊಟ್ಟವನು ಕಾರ್ಲ್ ವರ್ನರ್. 1875ರಲ್ಲಿ ಬರೆದ ಲೇಖನವೊಂದರಲ್ಲಿ ಅವನು ಕಾರಣವನ್ನು ವೈದಿಕ ಸ್ವರದಲ್ಲಿ ತೋರಿಸಿದನು. ‘ಭ್ರಾತರ್’ ಎಂಬಲ್ಲಿ ಉದಾತ್ತವು ಮೊದಲ ಅಕ್ಷರದ ಮೇಲಿದೆ, ‘ಪಿತರ್’ ಎಂಬಲ್ಲಿ ಎರಡನೆಯದರ ಮೇಲೆ. ಹಿಂದಿನ ಅಕ್ಷರ ಉದಾತ್ತವಾಗಿರದಿದ್ದರೆ ಪದಮಧ್ಯದ ಅಘೋಷ ಘರ್ಷವು ಘೋಷವಾಯಿತು. ಪದಾದಿ ಅಕ್ಷರಕ್ಕೆ ಒತ್ತು ಸ್ಥಿರಗೊಂಡದ್ದು ಆ ಬಳಿಕ. ಜರ್ಮಾನಿಕ್ ಭಾಷೆಗಳೆಲ್ಲ ಕಳೆದುಕೊಂಡ ಹಳೆಯ ಸ್ವರವನ್ನು ವೇದಪಾಠಕರ ಕಂಠ ಉಳಿಸಿಕೊಂಡಿತ್ತು.

ವ್ಯಾಕರಣದ ದೃಷ್ಟಿಯಿಂದ ಇದರ ಮಹತ್ವ ಪ್ರಕಟವಾಗುವುದು ಕ್ರಿಯಾರೂಪಗಳಲ್ಲಿ. ಸಂಸ್ಕೃತದ ಲಿಟ್ ರೂಪಗಳಲ್ಲಿ ಏಕವಚನದ ಉದಾತ್ತ ಧಾತುವಿನ ಮೇಲೆ, ಬಹುವಚನದ್ದು ಪ್ರತ್ಯಯದ ಮೇಲೆ. ಜರ್ಮಾನಿಕ್ ಪ್ರಬಲ ಕ್ರಿಯಾಪದಗಳ ಭೂತಕಾಲ ಈ ಲಿಟ್ಟಿಗೆ ಸಂವಾದಿ. ಆದುದರಿಂದ ಒಂದೇ ಧಾತುವಿನ ಅಂತ್ಯ ವ್ಯಂಜನ ಏಕವಚನದಲ್ಲಿ ಒಂದು, ಬಹುವಚನದಲ್ಲಿ ಇನ್ನೊಂದು. ‘ವಾಸಿಸು’ ಅರ್ಥದ ‘ವಸ್’ ಧಾತುವಿನ ಜ್ಞಾತಿಯಾದ ಇಂಗ್ಲಿಷ್ ಕ್ರಿಯಾಪದವನ್ನೇ ನೋಡಬಹುದು: ಏಕವಚನದಲ್ಲಿ ‘ವಾಸ್’, ಬಹುವಚನದಲ್ಲಿ ‘ವರ್’. ಸಕಾರವು ಘೋಷವಾಗಿ ಜ಼ಕಾರವಾಯಿತು, ಅದು ಮುಂದೆ ರೇಫವಾಯಿತು. ಇಂದು ಶಾಲೆಯ ಮಕ್ಕಳು ಅಪವಾದವೆಂದು ಬಾಯಿಪಾಠ ಮಾಡುವ ಈ ಜೋಡಿ ವಸ್ತುತಃ ಅತಿ ಪ್ರಾಚೀನ ನಿಯಮದ ಅವಶೇಷ.

ಇದೇ ಕ್ರಿಯಾಪದ ಗಾಥಿಕ್ಕಿನಲ್ಲಿ ‘ವಸ್’, ‘ವೇಸುಮ್’ ಎಂದಿದೆ. ಎರಡೆಡೆಯೂ ಸಕಾರ. ಗಾಥಿಕ್ಕಿಗಿಂತ ಶತಮಾನಗಳಷ್ಟು ತಡವಾಗಿ ಗ್ರಂಥಸ್ಥವಾದ ಹಳೆಯ ಇಂಗ್ಲಿಷಿನಲ್ಲಿ ‘ವ್ಯಾಸ್’, ‘ವ್ಯಾರೋನ್’ ಎಂಬ ಭೇದ ಅಳಿದಿಲ್ಲ. ಸಾದೃಶ್ಯದ ಒತ್ತಡದಿಂದ ಗಾಥಿಕ್ ತನ್ನ ಪ್ರಬಲ ಕ್ರಿಯಾಪದಗಳನ್ನು ಸಮೀಕರಿಸಿಕೊಂಡಿತು. ಅದರ ಸಾಕ್ಷ್ಯವೊಂದನ್ನೇ ನಂಬಿದ್ದರೆ ಮೂಲ ಜರ್ಮಾನಿಕ್ಕಿನಲ್ಲಿ ಈ ವ್ಯಂಜನ ಪಲ್ಲಟವೇ ಇರಲಿಲ್ಲವೆಂದು ಬರೆಯಬೇಕಾಗುತ್ತಿತ್ತು.

ದ್ರಾವಿಡ ಭಾಷಾಧ್ಯಯನದಲ್ಲಿ ತೊಡಗಿರುವವರಿಗೆ ಇದು ಅಪರಿಚಿತ ಸ್ಥಿತಿಯಲ್ಲ. ತಮಿಳಿನ ಸಾಹಿತ್ಯ ಕನ್ನಡದ್ದಕ್ಕಿಂತ ಪ್ರಾಚೀನ. ಆದರೂ ತಮಿಳಿನ ‘ಚೆವಿ’ಗೆ ಎದುರಾಗಿ ಕನ್ನಡದ ‘ಕಿವಿ’ ಮೂಲದ ಕಕಾರವನ್ನು ಉಳಿಸಿಕೊಂಡಿದೆ. ‘ಚೆಯ್’, ‘ಗೆಯ್’ ಜೋಡಿಯಲ್ಲಿಯೂ ತಾಲವ್ಯೀಕರಣ ತಮಿಳಿನದೇ. ದಾಖಲೆಯ ಪ್ರಾಚೀನತೆ ಬೇರೆ, ರೂಪದ ಪ್ರಾಚೀನತೆ ಬೇರೆ.

ಗಾಥಿಕ್ ಸಾಕ್ಷ್ಯವನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಸಲ್ಲದು. ಮೇಲೆ ಕಂಡ ‘ಫದರ್’ ಗಾಥಿಕ್ ಶಬ್ದವೇ. ಕ್ರಿಯಾರೂಪಗಳಲ್ಲಿಯೂ ಒಂದೆರಡು ಕಡೆ ಹಳೆಯ ಭೇದ ನುಸುಳಿ ಉಳಿದಿದೆ. ‘ಹೊಂದಿರು’ ಅರ್ಥದ ಕ್ರಿಯಾಪದದ ಏಕವಚನ ‘ಐಹ್’, ಬಹುವಚನ ‘ಐಗುಮ್’. ಅದೇ ಅನುವಾದದಲ್ಲಿ ‘ಐಹುಮ್’ ಎಂಬ ಸಮೀಕೃತ ರೂಪವೂ ಕಾಣಸಿಗುತ್ತದೆ.