ವಿಳಾಸವೊಂದು ಇದೆಯೇ ಎಂಬ ಪ್ರಶ್ನೆ: ಇಮೇಲ್ ಪರಿಶೀಲನೆಯ ಇತಿಹಾಸ

ಪರಿಚಯವಿಲ್ಲದವರಿಗೆ ವ್ಯಾಪಾರದ ಪ್ರಸ್ತಾವವನ್ನು ಇಮೇಲ್ ಮೂಲಕ ಕಳುಹಿಸುವ ಮುನ್ನ ಆ ವಿಳಾಸ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಇಂದು ಮಾರಾಟ ವಿಭಾಗಗಳ ನಿತ್ಯದ ಕೆಲಸವಾಗಿದ್ದು, ಅದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳೂ ಹುಟ್ಟಿಕೊಂಡಿವೆ. ಆದರೆ ಈ ಪರಿಶೀಲನೆ ಮೊದಲಿನಿಂದಲೂ ಹಣ ಕೊಟ್ಟು ಪಡೆಯುವ ಸೇವೆಯಾಗಿರಲಿಲ್ಲ. ಇಮೇಲ್ ವ್ಯವಸ್ಥೆಯನ್ನು ಕಟ್ಟಿದವರು ಅದನ್ನು ಸರ್ವರುಗಳೇ ಒದಗಿಸಬಹುದಾದ ಸೌಲಭ್ಯವೆಂದು ಬಗೆದು, ಕೇಳಿದವರಿಗೆಲ್ಲ ಉತ್ತರ ಸಿಗುವಂತೆ ರೂಪಿಸಿದ್ದರು. ಆ ಸೌಜನ್ಯ ಇಲ್ಲವಾದದ್ದಕ್ಕೆ ತಾಂತ್ರಿಕ ದೋಷಕ್ಕಿಂತ ಹೆಚ್ಚಾಗಿ ಅದರ ದುರುಪಯೋಗವೇ ಕಾರಣ.

1971ರಲ್ಲಿ ರೇ ಟಾಮ್ಲಿನ್ಸನ್ ಬಳಕೆದಾರನ ಹೆಸರಿಗೂ ಕಂಪ್ಯೂಟರಿನ ಹೆಸರಿಗೂ ನಡುವೆ @ ಚಿಹ್ನೆಯನ್ನಿಟ್ಟು ಮೊದಲ ಜಾಲ ಸಂದೇಶವನ್ನು ಕಳುಹಿಸಿದಾಗ, ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಆರ್ಪಾನೆಟ್ ಜಾಲದಲ್ಲಿದ್ದವರು ಬಹುಮಟ್ಟಿಗೆ ಸಂಶೋಧಕರೇ ಆಗಿದ್ದರು. ಅವರ ಹೆಸರು, ವಿಳಾಸಗಳನ್ನೊಳಗೊಂಡ ಡೈರೆಕ್ಟರಿ ಅಚ್ಚಾಗುತ್ತಿತ್ತು. ಅದಲ್ಲದೆ ಸ್ಟ್ಯಾನ್‌ಫರ್ಡಿನಲ್ಲಿ ಲೆಸ್ ಅರ್ನೆಸ್ಟ್ ರಚಿಸಿದ ಫಿಂಗರ್ ಎಂಬ ಪ್ರೋಗ್ರಾಂ, ಒಂದು ಹೆಸರನ್ನು ಕೊಟ್ಟರೆ ಆ ವ್ಯಕ್ತಿ ಯಾರು, ಕಂಪ್ಯೂಟರನ್ನು ಕೊನೆಯದಾಗಿ ಬಳಸಿದ್ದು ಯಾವಾಗ ಎಂಬುದನ್ನೂ ತಿಳಿಸುತ್ತಿತ್ತು. ಇಂಥ ಪುಟ್ಟ ಸಮುದಾಯದಲ್ಲಿ ವಿಳಾಸವನ್ನು ಮುಚ್ಚಿಡಲು ಯಾರಿಗೂ ಕಾರಣವಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು 1978ರ ಮೇ ತಿಂಗಳ ಆರಂಭದಲ್ಲಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥರ್ಕ್, ಕ್ಯಾಲಿಫೋರ್ನಿಯದಲ್ಲಿ ನಡೆಯಲಿದ್ದ ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಸುಮಾರು 400 ಜನರನ್ನು ಒಂದೇ ಸಂದೇಶದಲ್ಲಿ ಆಹ್ವಾನಿಸಿದರು. ವಿಳಾಸಗಳನ್ನು ಅಚ್ಚಾದ ಡೈರೆಕ್ಟರಿಯಿಂದ ಆರಿಸಿ, ಒಂದೊಂದಾಗಿ ಟೈಪ್ ಮಾಡಲಾಗಿತ್ತು. ಆಗಿನ ಮೇಲ್ ಪ್ರೋಗ್ರಾಂ ಅಷ್ಟು ವಿಳಾಸಗಳನ್ನು ಹಿಡಿಸಿಕೊಳ್ಳಲಾರದೆ ಹೋದುದರಿಂದ, ಮಿಕ್ಕ ವಿಳಾಸಗಳು ತಮ್ಮ ಅಂಕಣವನ್ನು ಮೀರಿ ಸಂದೇಶದ ಒಡಲಿಗೇ ಹರಿದು ಬಂದು, ಓದುಗರು ಆಹ್ವಾನಕ್ಕೆ ಮೊದಲು ಅಪರಿಚಿತರ ವಿಳಾಸಗಳ ಉದ್ದನೆಯ ಸಾಲನ್ನೇ ಕಾಣಬೇಕಾಯಿತು. ಜಾಲದ ಆಡಳಿತಗಾರರು ಇದನ್ನು ನಿಯಮದ ಉಲ್ಲಂಘನೆಯೆಂದು ಖಂಡಿಸಿದರು. ಆದರೂ ಈ ಘಟನೆಯಿಂದ ಕಲಿಯಬೇಕಾಗಿದ್ದ ಪಾಠವನ್ನು, ಎಂದರೆ ಎಲ್ಲರಿಗೂ ತೆರೆದಿಟ್ಟ ವಿಳಾಸಪಟ್ಟಿ ಮಾರಾಟಗಾರನ ಕೈಗೂ ಸಿಗುತ್ತದೆಂಬುದನ್ನು, ಮುಂದಿನ ಹಲವು ವರ್ಷಗಳ ಕಾಲ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ.

ಇದಕ್ಕೆ ಸಾಕ್ಷಿ 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಆರ್‌ಎಫ್‌ಸಿ 821 ಎಂಬ ದಾಖಲೆ. ಒಂದು ಸರ್ವರ್ ಇನ್ನೊಂದಕ್ಕೆ ಮೇಲ್ ತಲುಪಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ವಿಧಿಸಿದ ಈ ದಾಖಲೆಯಲ್ಲಿ ವಿಆರ್‌ಎಫ್‌ವೈ ಎಂಬ ಆದೇಶವಿದ್ದು, ಅದರೊಂದಿಗೆ ಒಂದು ಹೆಸರನ್ನು ಕಳುಹಿಸಿದರೆ ಎದುರಿನ ಸರ್ವರ್ 250 ಎಂಬ ಸಂಖ್ಯೆಯೊಡನೆ ಆ ವ್ಯಕ್ತಿಯ ಪೂರ್ಣ ಹೆಸರನ್ನೂ ವಿಳಾಸವನ್ನೂ ಕೊಡುತ್ತಿತ್ತು, ಅಂಥವರಿಲ್ಲದಿದ್ದರೆ 550 ಎಂದು ಉತ್ತರಿಸುತ್ತಿತ್ತು. ಇಎಕ್ಸ್‌ಪಿಎನ್ ಎಂಬ ಜೊತೆ ಆದೇಶವಂತೂ ಒಂದು ಮೇಲಿಂಗ್ ಲಿಸ್ಟಿನ ಸದಸ್ಯರೆಲ್ಲರ ವಿಳಾಸವನ್ನು ಬಿಡಿಸಿ ಹೇಳುತ್ತಿತ್ತು. ಅಂದಿನ ಜಾಲದ ಗಾತ್ರವನ್ನು ನೆನೆದರೆ ಈ ಉದಾರತೆ ಅಸಹಜವೇನಲ್ಲ. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಸಹ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳಷ್ಟೇ ಮೊದಲಿಗೆ ಇದ್ದವು.

1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಎಂಬ ಸ್ವಯಂ ಹರಡುವ ಪ್ರೋಗ್ರಾಂ, ಫಿಂಗರ್ ಸೇವೆಯ ಮತ್ತು ಸೆಂಡ್‌ಮೇಲ್ ಎಂಬ ಮೇಲ್ ಸಾಫ್ಟ್‌ವೇರಿನ ದೋಷಗಳ ಮೂಲಕವೇ ಸಾವಿರಾರು ಯಂತ್ರಗಳನ್ನು ಹೊಕ್ಕಿತು. ಮರುವರ್ಷದ ಆರ್‌ಎಫ್‌ಸಿ 1123 ಪರಿಶೀಲನೆಯ ಆದೇಶವನ್ನು ಕಡ್ಡಾಯಗೊಳಿಸಿದರೂ, ಬೇಕಾದವರು ಅದನ್ನು ನಿಷ್ಕ್ರಿಯಗೊಳಿಸಬಹುದೆಂದು ಹೇಳಿ, 252 ಎಂಬ ಹೊಸ ಉತ್ತರವನ್ನು ಸೇರಿಸಿತು. ವಿಳಾಸ ಇದೆಯೋ ಇಲ್ಲವೋ ಹೇಳಲಾಗದು, ಮೇಲ್ ಕಳುಹಿಸಿದರೆ ತಲುಪಿಸಲು ಯತ್ನಿಸಲಾಗುವುದು ಎಂಬುದು ಅದರ ಅರ್ಥ. 1990ರ ದಶಕದಲ್ಲಿ ಜಾಲವು ವಾಣಿಜ್ಯಕ್ಕೆ ತೆರೆದುಕೊಂಡು ಸ್ಪ್ಯಾಮ್ ಹಬ್ಬಿದ ಮೇಲೆ ಈ ಉತ್ತರವೇ ವಾಡಿಕೆಯಾಯಿತು. 2008ರ ಆರ್‌ಎಫ್‌ಸಿ 5321 ಸಹ ವಿಆರ್‌ಎಫ್‌ವೈಯನ್ನು ಪ್ರತಿ ಸರ್ವರಿನಲ್ಲೂ ಇರಬೇಕಾದ ಆದೇಶಗಳ ಪಟ್ಟಿಯಲ್ಲಿ ಇಟ್ಟುಕೊಂಡಿದೆಯಾದರೂ, ಸಾರ್ವಜನಿಕ ಸರ್ವರುಗಳಿಂದ ಸ್ಪಷ್ಟ ಉತ್ತರ ಸಿಗುವುದು ಅಪರೂಪ.

ನೇರ ದಾರಿ ಮುಚ್ಚಿದಾಗ ಮಾರಾಟಗಾರರು ಬಳಸುದಾರಿ ಹಿಡಿದರು. ಮೇಲ್ ಕಳುಹಿಸುವ ಸರ್ವರ್ ಮೊದಲು ಕಳುಹಿಸುವವರ ವಿಳಾಸವನ್ನೂ, ಬಳಿಕ ಆರ್‌ಸಿಪಿಟಿ ಎಂಬ ಆದೇಶದಿಂದ ಪಡೆಯುವವರ ವಿಳಾಸವನ್ನೂ ತಿಳಿಸಿ, ಎದುರಿನಿಂದ ಒಪ್ಪಿಗೆ ಬಂದ ಮೇಲಷ್ಟೇ ಒಕ್ಕಣೆಯನ್ನು ಕೊಡಬೇಕೆಂಬುದು ಎಸ್‌ಎಂಟಿಪಿಯ ಕ್ರಮ. ಪರಿಶೀಲನಾ ಸೇವೆಗಳು ಡೊಮೇನಿಗೆ ಮೇಲ್ ಸರ್ವರ್ ಇದೆಯೇ ಎಂದು ನೋಡಿದ ಬಳಿಕ ಈ ಎರಡನೆಯ ಹಂತದವರೆಗೆ ಹೋಗಿ, 250 ಬಂತೋ 550 ಬಂತೋ ಎಂಬುದನ್ನು ಗುರುತು ಹಾಕಿಕೊಂಡು, ಏನನ್ನೂ ಕಳುಹಿಸದೆ ಸಂಪರ್ಕ ಕಡಿದುಕೊಳ್ಳುತ್ತವೆ. ಅಂಚೆಯವನು ಮನೆಯ ಮುಂದೆ ನಿಂತು ಇಂಥವರು ಇದ್ದಾರೆಯೇ ಎಂದು ಕೇಳಿ, ಕಾಗದ ಕೊಡದೆ ಹೊರಟುಹೋದಂತೆ. ಇದೇ ತಂತ್ರದಿಂದ ಸ್ಪ್ಯಾಮ್ ಕಳುಹಿಸುವವರು ಸಾಮಾನ್ಯ ಹೆಸರುಗಳನ್ನೆಲ್ಲ ಒಂದಾದ ಮೇಲೊಂದು ಸುರಿದು, ಒಪ್ಪಿಗೆ ಬಂದವನ್ನು ಕೂಡಿಹಾಕಿದರು. ಅಪೇಕ್ಷಿಸದ ವಾಣಿಜ್ಯ ಮೇಲನ್ನು ಷರತ್ತುಗಳೊಡನೆ ಅನುಮತಿಸಿದ ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯೂ ಹೀಗೆ ಊಹೆಯಿಂದ ವಿಳಾಸ ಹೆಕ್ಕಿ ಅಕ್ರಮ ಮೇಲ್ ಕಳುಹಿಸುವುದನ್ನು ಹೆಚ್ಚಿನ ಗಂಭೀರತೆಯ ಉಲ್ಲಂಘನೆಯೆಂದು ಪರಿಗಣಿಸಿತು. ಸರ್ವರುಗಳೂ ಸುಮ್ಮನಿರಲಿಲ್ಲ: ಕೆಲವು ಬೇಕೆಂದೇ ತಡವಾಗಿ ಉತ್ತರಿಸತೊಡಗಿದವು, ಕೆಲವು ಅಪರಿಚಿತರನ್ನು ಮೊದಲ ಸಲ ತಾತ್ಕಾಲಿಕವಾಗಿ ತಿರಸ್ಕರಿಸುವ ಗ್ರೇಲಿಸ್ಟಿಂಗ್ ಪದ್ಧತಿಯನ್ನು 2003ರಿಂದೀಚೆಗೆ ಅಳವಡಿಸಿಕೊಂಡವು. ಯಾವ ಹೆಸರಿಗೆ ಬಂದರೂ ಸ್ವೀಕರಿಸುವ ಕ್ಯಾಚ್-ಆಲ್ ಡೊಮೇನುಗಳಲ್ಲಂತೂ ಈ ಪರೀಕ್ಷೆಯಿಂದ ಏನೂ ತಿಳಿಯದು.

ಉತ್ತರ ಸರಿಯಾಗಿ ಸಿಕ್ಕಾಗಲೂ ಅದು ಹೇಳುವುದು ಬಹಳ ಕಡಿಮೆ ಎಂಬುದನ್ನು ಒತ್ತಿ ಹೇಳಬೇಕು. 2013ರಲ್ಲಿ ಯಾಹೂ, ಹನ್ನೆರಡು ತಿಂಗಳು ಬಳಕೆಯಾಗದ ಐಡಿಗಳನ್ನು ಹೊಸಬರಿಗೆ ಹಂಚುವುದಾಗಿ ಪ್ರಕಟಿಸಿತು. ಹಾಗೆ ಕೈಬದಲಾದ ವಿಳಾಸ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಆದರೆ ಅಲ್ಲಿರುವವರು ಬೇರೆಯವರು. ಅನುಮತಿಯಿಲ್ಲದೆ ಕಳುಹಿಸುವವರನ್ನು ಪತ್ತೆಹಚ್ಚಲೆಂದೇ ಇಟ್ಟ ಸ್ಪ್ಯಾಮ್ ಟ್ರ್ಯಾಪ್ ವಿಳಾಸಗಳೂ ಮೇಲನ್ನು ತಕರಾರಿಲ್ಲದೆ ಸ್ವೀಕರಿಸುತ್ತವೆ. ಇವೆರಡನ್ನೂ ತಪ್ಪಿಸಬಲ್ಲ ವಿಧಾನವೆಂದರೆ ವಿಳಾಸ ಕೊಟ್ಟವರಿಗೆ ಒಂದು ಲಿಂಕ್ ಕಳುಹಿಸಿ ಅವರಿಂದಲೇ ಖಚಿತಪಡಿಸಿಕೊಳ್ಳುವುದು. ತಾವಾಗಿ ವಿಳಾಸ ಕೊಡದವರನ್ನು ಹುಡುಕಿಕೊಂಡು ಹೋಗುವ ಮಾರಾಟಗಾರರಿಗೆ ಆ ದಾರಿಯೇ ಇಲ್ಲ.

ಈ ನಡುವೆ ಪರಿಶೀಲನೆಯ ದಿಕ್ಕೇ ಬದಲಾಗಿ, ಈಗ ಗುರುತು ಸಾಬೀತು ಮಾಡಬೇಕಾದವರು ಕಳುಹಿಸುವವರೇ ಆಗಿದ್ದಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪದ್ಧತಿಗಳಿಂದ ತಮ್ಮ ಡೊಮೇನನ್ನು ದೃಢಪಡಿಸಬೇಕೆಂದೂ, ಸ್ಪ್ಯಾಮ್ ಎಂಬ ದೂರುಗಳ ಪ್ರಮಾಣ ಶೇ. 0.3ನ್ನು ಮುಟ್ಟಬಾರದೆಂದೂ ಗೂಗಲ್ ವಿಧಿಸಿತು. ಆ ದೂರಿನ ಬಟನ್ ಒತ್ತುವುದು ನಿಜವಾದ ವಿಳಾಸಗಳಲ್ಲಿರುವ ನಿಜವಾದ ಓದುಗರೇ ಆದುದರಿಂದ, ಯಾವ ಪರಿಶೀಲನಾ ಸೇವೆಯೂ ಆ ಸಂಖ್ಯೆಯನ್ನು ಮುಂಚಿತವಾಗಿ ತಿಳಿಸಲಾರದು.