ಮಟ್ ಇಮೇಲ್ ತಂತ್ರಾಂಶದಲ್ಲಿ ವೇರಿಯಬಲ್ ವಿಸ್ತರಣೆ ಮತ್ತು ಎಸ್ಕೇಪ್

ಮಟ್ ಎಂಬುದು ಟರ್ಮಿನಲ್‌ನಲ್ಲಿ ನಡೆಯುವ ಇಮೇಲ್ ತಂತ್ರಾಂಶ. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ರೂಪಿಸಿದ್ದು. ಬಳಕೆದಾರರ ಹೆಸರು, ಪಾಸ್‌ವರ್ಡ್, ಫೋಲ್ಡರ್, ಕೀಲಿಗಳ ಕೆಲಸ ಎಲ್ಲವೂ ‘ಮಟ್‌ಆರ್‌ಸಿ’ ಎಂಬ ಪಠ್ಯ ಕಡತದಲ್ಲಿರುತ್ತವೆ. ಈ ಕಡತದಲ್ಲಿ ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥವಿದೆ. $ ಆದ ಮೇಲೆ ಹೆಸರು ಬಂದರೆ ಆ ಜಾಗದಲ್ಲಿ ವೇರಿಯಬಲ್‌ನ ಬೆಲೆ ಬಂದು ಕೂರುತ್ತದೆ, ಇದೇ ವಿಸ್ತರಣೆ. ಬ್ಯಾಕ್‌ಟಿಕ್‌ಗಳ ನಡುವೆ ಬರೆದದ್ದನ್ನು ಶೆಲ್ ಆದೇಶವಾಗಿ ನಡೆಸಿ ಉತ್ತರ ತುಂಬಲಾಗುತ್ತದೆ. # ನಂತರದ್ದು ಟಿಪ್ಪಣಿ. ಇಂಥ ಚಿಹ್ನೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ (\) ಹಾಕಿ ಅದರ ವಿಶೇಷ ಅರ್ಥವನ್ನು ತಡೆಯುವುದೇ ಎಸ್ಕೇಪ್.

ಜೋಡಿ ಉದ್ಧರಣ ಚಿಹ್ನೆಯೊಳಗೆ $, ಬ್ಯಾಕ್‌ಟಿಕ್, ಬ್ಯಾಕ್‌ಸ್ಲ್ಯಾಶ್ ಮೂರೂ ಕೆಲಸ ಮಾಡುತ್ತವೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ಯಾವುದೂ ಮಾಡದು; ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಪಾಸ್‌ವರ್ಡ್‌ನಲ್ಲಿ $ ಇದ್ದು ಅದನ್ನು ಜೋಡಿ ಚಿಹ್ನೆಯೊಳಗೆ ಬರೆದರೆ, ಮಟ್ ಮುಂದಿನ ಅಕ್ಷರಗಳನ್ನು ಇಲ್ಲದ ವೇರಿಯಬಲ್‌ನ ಹೆಸರೆಂದು ತಿಳಿದು ನುಂಗಿಬಿಡುತ್ತದೆ. ಲಾಗಿನ್ ಆಗುವುದಿಲ್ಲ. ಕಾರಣವೂ ತೆರೆಯ ಮೇಲೆ ಕಾಣದು.

ಹೆಚ್ಚು ಎಚ್ಚರ ಬೇಕಾಗುವುದು ಒಂದೇ ಕೀಲಿಗೆ ಹಲವು ಆದೇಶಗಳನ್ನು ಜೋಡಿಸುವ ಮ್ಯಾಕ್ರೋಗಳಲ್ಲಿ. ಒಂದು ಆಯ್ಕೆಯ ಈಗಿನ ಬೆಲೆಯನ್ನು ‘ಮೈ_’ ಎಂದು ಆರಂಭವಾಗುವ ಸ್ವಂತ ವೇರಿಯಬಲ್‌ನಲ್ಲಿಟ್ಟು, ಆಯ್ಕೆಯನ್ನು ಕ್ಷಣಕಾಲ ಬದಲಿಸಿ, ಕೆಲಸ ಮುಗಿದೊಡನೆ ಹಳೆಯ ಬೆಲೆಗೆ ಮರಳಿಸುವ ಮ್ಯಾಕ್ರೋ ಬರೆಯುತ್ತೇವೆ ಎನ್ನೋಣ. ಜೋಡಿ ಚಿಹ್ನೆಯೊಳಗೆ ಬರಿಯ $ ಹಾಕಿದರೆ ವಿಸ್ತರಣೆ ಕಡತ ಓದುವಾಗಲೇ ನಡೆದುಹೋಗುತ್ತದೆ. ಕೀಲಿ ಒತ್ತಿದಾಗಿನ ಬೆಲೆ ಸಿಗುವುದೇ ಇಲ್ಲ. \$ ಎಂದು ಬರೆದರೆ ಮಾತ್ರ ವಿಸ್ತರಣೆ ಕೀಲಿ ಒತ್ತುವವರೆಗೆ ಕಾಯುತ್ತದೆ. ಈ ತಂತ್ರಾಂಶದಲ್ಲಿ ಎಸ್ಕೇಪ್‌ನ ನಿಜವಾದ ಪ್ರಯೋಜನ ಇಲ್ಲಿದೆ: ಅದು ವಿಸ್ತರಣೆಯನ್ನು ತಡೆಯುವುದಷ್ಟೇ ಅಲ್ಲ, ಯಾವಾಗ ಆಗಬೇಕೆಂದೂ ಹೇಳುತ್ತದೆ.

ಕನ್ನಡ ಅಕ್ಷರಗಳಿಗೆ ಎಸ್ಕೇಪ್ ಬೇಡ. ಯುಟಿಎಫ್-8ರಲ್ಲಿ ಅವುಗಳ ಯಾವ ಬೈಟೂ $ ಅಥವಾ \ ಚಿಹ್ನೆಯ ಬೈಟ್ ಆಗಿರದು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಊರಿನ ಹೆಸರಿನಲ್ಲಿ ‘=ಸಿಂಧಘಟ್ಟ’ ಎಂದು ಫೋಲ್ಡರ್ ಸೂಚಿಸಬಹುದು; ಮೊದಲ = ಚಿಹ್ನೆ ಪತ್ರಗಳ ಮುಖ್ಯ ಫೋಲ್ಡರ್ ಆಗಿ ವಿಸ್ತರಿಸುತ್ತದೆ. ‘ಸಿಂಧಘಟ್ಟ ಪತ್ರಗಳು’ ಎಂದಾದರೆ ನಡುವಿನ ಖಾಲಿ ಜಾಗಕ್ಕಾಗಿ ಉದ್ಧರಣ ಚಿಹ್ನೆ ಬೇಕೇ ಬೇಕು. ‘ಸಿಂಧಘಟ್ಟ’ ಎಂಬ ಹೆಸರು ಪತ್ರದ ವಿಷಯದ ಸಾಲಿನಲ್ಲಿ ಹೊರಟಾಗ ಬೇರೊಂದು ಎನ್‌ಕೋಡಿಂಗ್ ನಡೆಯುತ್ತದೆ: ಅದರ 8 ಸಂಕೇತಗಳ 24 ಬೈಟುಗಳು ಬೇಸ್64 ಕ್ರಮದಲ್ಲಿ 32 ಅಕ್ಷರಗಳಾಗುತ್ತವೆ. ಇದನ್ನು ಮಟ್ ತಾನೇ ಮಾಡಿಕೊಳ್ಳುತ್ತದೆ.

ಪಾಸ್‌ವರ್ಡ್ ಮತ್ತು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯುವುದೇ ಕ್ಷೇಮ. ವಿಸ್ತರಣೆ ಬೇಕಾದಲ್ಲಿ ಮಾತ್ರ ಜೋಡಿ ಚಿಹ್ನೆ ಬಳಸಬೇಕು.