ಉತ್ತರವೇ ನೀತಿಯಾಗುವ ಬಗೆ: ಐರ್ಲೆಂಡಿನ ವಿದೇಶಾಂಗ ಸಚಿವರೂ ಡಾಯ್ಲ್ ಸಭೆಯ ಪ್ರಶ್ನೋತ್ತರವೂ

1. ಪ್ರವೇಶ

ಐರ್ಲೆಂಡ್ ತಟಸ್ಥ ರಾಷ್ಟ್ರವೆಂದು ಲೋಕಕ್ಕೆಲ್ಲ ಗೊತ್ತು. ಆದರೆ ಆ ತಟಸ್ಥತೆ ಎಲ್ಲಿ ಬರೆದಿದೆ ಎಂದು ಹುಡುಕಹೊರಟರೆ ಕೈಗೆ ಸಿಗುವುದು ಕಡಿಮೆ. 1937ರ ಸಂವಿಧಾನದಲ್ಲಿ ಆ ಪದ ಬರುವುದಿಲ್ಲ. ತಟಸ್ಥತೆಯೆಂದರೆ ಇಂಥದ್ದು ಎಂದು ವಿವರಿಸುವ ಕಾಯಿದೆಯೂ ಇಲ್ಲ. ಹಾಗಿದ್ದೂ ಎಂಟು ದಶಕಗಳಿಂದ ಆ ನೀತಿ ಬದುಕಿದೆ, ಬದಲಾಗಿದೆ, ಚರ್ಚೆಗೆ ಒಳಗಾಗಿದೆ. ಅದು ಬದುಕಿರುವ ಜಾಗಗಳಲ್ಲಿ ಮುಖ್ಯವಾದದ್ದು ಡಬ್ಲಿನ್ನಿನ ಲೆನ್‌ಸ್ಟರ್ ಹೌಸಿನಲ್ಲಿ ಸೇರುವ ಕೆಳಮನೆ. ಐರಿಷ್ ಭಾಷೆಯಲ್ಲಿ ಅದರ ಹೆಸರು ಡಾಯ್ಲ್. ಅಲ್ಲಿ ವಿದೇಶಾಂಗ ಸಚಿವರು ಎದ್ದು ನಿಂತು ಕೊಡುವ ಉತ್ತರಗಳಲ್ಲಿ ಆ ನೀತಿಯ ನುಡಿಗಟ್ಟು ರೂಪುಗೊಂಡಿದೆ.

ಸದನದ ಪ್ರಶ್ನೋತ್ತರವನ್ನು ವಿದ್ವಾಂಸರು ಸಾಮಾನ್ಯವಾಗಿ ಒಂದೇ ಅಳತೆಗೋಲಿನಿಂದ ಅಳೆಯುತ್ತಾರೆ: ಪ್ರಶ್ನೆಯಿಂದ ಹೊಸ ಮಾಹಿತಿ ಹೊರಬಂತೇ ಇಲ್ಲವೇ? ಈ ಅಳತೆಯಲ್ಲಿ ವಿದೇಶಾಂಗ ಖಾತೆಯ ಉತ್ತರಗಳು ಸೋಲುತ್ತವೆ. ಅವು ಒಂದರಂತೆ ಒಂದಿರುತ್ತವೆ, ಎಚ್ಚರಿಕೆಯಿಂದ ಹೆಣೆದಿರುತ್ತವೆ, ಹಲವು ಬಾರಿ ಹಿಂದಿನ ಉತ್ತರದ ಪಡಿಯಚ್ಚಿನಂತೆ ಕಾಣುತ್ತವೆ. ಈ ಲೇಖನದ ವಾದ ಬೇರೆ. ಆ ಪುನರುಕ್ತಿಯಲ್ಲೇ ಅವುಗಳ ಅರ್ಥವಿದೆ. ಸದನದಲ್ಲಿ ಒಮ್ಮೆ ಆಡಿದ ಮಾತು ಮುಂದಿನ ಉತ್ತರವನ್ನು ಕಟ್ಟಿಹಾಕುತ್ತದೆ. ಅದೇ ಪ್ರಶ್ನೆಗೆ ಅದೇ ಉತ್ತರ ಮತ್ತೆ ಮತ್ತೆ ಬಂದಾಗ ಅದು ನೀತಿಯಾಗಿ ಗಟ್ಟಿಗೊಳ್ಳುತ್ತದೆ. ಒಂದು ದಿನ ಅದರ ಒಂದು ಪದ ಕದಲಿದರೆ ನೀತಿ ಕದಲಿತೆಂದು ಅರ್ಥ. 1957ರ ಚೀನಾ ವಿವಾದ, ಶಾನನ್ ವಿಮಾನ ನಿಲ್ದಾಣ, ಪ್ಯಾಲೆಸ್ತೀನಿನ ಮಾನ್ಯತೆ ಈ ಮೂರು ಪ್ರಸಂಗಗಳ ಮೂಲಕ ಈ ವಾದವನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ಸಂವಿಧಾನದ ಚೌಕಟ್ಟು

ಐರಿಷ್ ಸಂವಿಧಾನದ 29ನೆಯ ವಿಧಿ ವಿದೇಶ ಸಂಬಂಧಗಳಿಗೆ ಮೀಸಲು. ಅಲ್ಲಿ ಅಧಿಕಾರ ಸರ್ಕಾರದ್ದೇ: ಹೊರದೇಶಗಳೊಂದಿಗಿನ ವ್ಯವಹಾರದಲ್ಲಿ ಕಾರ್ಯಾಂಗದ ಅಧಿಕಾರವನ್ನು ಚಲಾಯಿಸುವುದು ಸರ್ಕಾರ. ಆದರೆ 28ನೆಯ ವಿಧಿಯ ಪ್ರಕಾರ ಆ ಸರ್ಕಾರ ಡಾಯ್ಲ್‌ಗೆ ಹೊಣೆ. ಡಾಯ್ಲ್‌ನ ಒಪ್ಪಿಗೆಯಿಲ್ಲದೆ ಯುದ್ಧ ಸಾರುವಂತಿಲ್ಲ, ಯುದ್ಧದಲ್ಲಿ ಭಾಗವಹಿಸುವಂತಿಲ್ಲ. ಅಂತರರಾಷ್ಟ್ರೀಯ ಒಪ್ಪಂದಗಳನ್ನು ಸದನದ ಮುಂದಿಡಬೇಕು. ಸಾರ್ವಜನಿಕ ಬೊಕ್ಕಸದ ಮೇಲೆ ಹೊರೆ ಬೀಳುವ ಒಪ್ಪಂದವಾದರೆ ಸದನ ಅದರ ಷರತ್ತುಗಳನ್ನು ಒಪ್ಪುವವರೆಗೆ ದೇಶ ಅದಕ್ಕೆ ಬದ್ಧವಾಗುವುದಿಲ್ಲ.

ಭಾರತದ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಐರಿಷ್ ಸಂವಿಧಾನದ 45ನೆಯ ವಿಧಿ ಮಾದರಿಯಾಯಿತು. ಆದರೆ ಒಪ್ಪಂದಗಳನ್ನು ಸಂಸತ್ತಿನ ಮುಂದಿಡಬೇಕೆಂಬ ಐರಿಷ್ ಕಟ್ಟಳೆಯನ್ನು ನಾವು ತಂದುಕೊಳ್ಳಲಿಲ್ಲ. ಹೀಗಾಗಿ ಭಾರತದಲ್ಲಿ ವಿದೇಶಾಂಗ ನೀತಿಯ ಮೇಲೆ ಸಂಸತ್ತಿನ ಹಿಡಿತ ಬಹುಮಟ್ಟಿಗೆ ಪ್ರಶ್ನೋತ್ತರಕ್ಕೂ ಚರ್ಚೆಗೂ ಸೀಮಿತ. ಐರ್ಲೆಂಡಿನಲ್ಲಿ ಪ್ರಶ್ನೆಯ ಬೆನ್ನಿಗೆ ಸಂವಿಧಾನದ ಬಲವಿದೆ.

ಈ ಬಲದ ಇನ್ನೊಂದು ಮುಖ 1987ರಲ್ಲಿ ಕಂಡಿತು. ಯೂರೋಪಿನ ಏಕ ಕಾಯಿದೆ ಎಂಬ ಒಪ್ಪಂದದ ವಿರುದ್ಧ ರೇಮಂಡ್ ಕ್ರಾಟಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 3-2ರ ಬಹುಮತದಿಂದ ಹೇಳಿದ್ದಿದು: ವಿದೇಶಾಂಗ ನೀತಿಯನ್ನು ಸ್ವತಂತ್ರವಾಗಿ ನಡೆಸುವ ಅಧಿಕಾರವನ್ನು ಸರ್ಕಾರ ತಾನೇ ಕಟ್ಟಿಹಾಕಿಕೊಳ್ಳುವಂತಿಲ್ಲ; ಅದಕ್ಕೆ ಜನರ ಒಪ್ಪಿಗೆ ಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಜನಮತಗಣನೆ ನಡೆದು ಒಪ್ಪಿಗೆ ದೊರೆಯಿತು. ಸಚಿವರು ಸದನದಲ್ಲಿ ಕೊಡುವ ಉತ್ತರದ ಹಿಂದೆ ಜನಮತದ ಈ ನೆರಳು ಅಂದಿನಿಂದ ಇದ್ದೇ ಇದೆ.

3. ಪ್ರಶ್ನೆಯೊಂದರ ಪಯಣ

ಸದಸ್ಯರು ಮೌಖಿಕ ಪ್ರಶ್ನೆಗಳನ್ನೂ ಲಿಖಿತ ಪ್ರಶ್ನೆಗಳನ್ನೂ ಕೊಡಬಹುದು. ನಮ್ಮ ಲೋಕಸಭೆಯ ಚುಕ್ಕೆ ಗುರುತಿನ ಮತ್ತು ಗುರುತಿಲ್ಲದ ಪ್ರಶ್ನೆಗಳಿಗೆ ಇವು ಹತ್ತಿರ. ಪ್ರತಿ ಸಚಿವರೂ ಸರದಿಯ ಪ್ರಕಾರ ಕೆಲವು ವಾರಗಳಿಗೊಮ್ಮೆ ಮೌಖಿಕ ಉತ್ತರಕ್ಕೆ ನಿಲ್ಲುತ್ತಾರೆ. ವಿರೋಧ ಪಕ್ಷಗಳ ಆದ್ಯತೆಯ ಪ್ರಶ್ನೆಗಳು ಮೊದಲು ಬರುತ್ತವೆ. ಉಳಿದವುಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಸಚಿವರ ಮೊದಲ ಉತ್ತರಕ್ಕೆ ಎರಡು ನಿಮಿಷ. ಆಮೇಲೆ ಉಪಪ್ರಶ್ನೆಗಳು. ಸರದಿ ಬಾರದೆ ಉಳಿದ ಮೌಖಿಕ ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗುತ್ತದೆ.

ಉತ್ತರ ಸಿದ್ಧವಾಗುವುದು ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿರುವ ಐವಾ ಹೌಸಿನಲ್ಲಿ, ಅಂದರೆ ವಿದೇಶಾಂಗ ಇಲಾಖೆಯ ಕೇಂದ್ರ ಕಚೇರಿಯಲ್ಲಿ. ಅಧಿಕಾರಿಗಳು ಉತ್ತರದ ಪಠ್ಯವನ್ನೂ, ಬರಬಹುದಾದ ಉಪಪ್ರಶ್ನೆಗಳಿಗೆ ಟಿಪ್ಪಣಿಗಳನ್ನೂ ಅಣಿಮಾಡುತ್ತಾರೆ. ಹಾಗೆ ಅಣಿಮಾಡುವವರ ಕಣ್ಣು ಮೊದಲು ಹೋಗುವುದು ಹಿಂದಿನ ಉತ್ತರದ ಕಡೆಗೆ. 1919ರ ಮೊದಲ ಅಧಿವೇಶನದಿಂದ ಇಲ್ಲಿಯವರೆಗಿನ ಸದನದ ಅಧಿಕೃತ ದಾಖಲೆ ಲಭ್ಯವಿರುವುದರಿಂದ ಇದೇ ಸರಣಿಯನ್ನು ಸಂಶೋಧಕರೂ ಓದಬಹುದು. ಬಿಡಿ ಉತ್ತರ ಮೂಕ. ಸಾಲಾಗಿ ಇಟ್ಟು ಓದಿದಾಗ ಮಾತಾಡುತ್ತದೆ.

ಇಲ್ಲಿ ಒಂದು ತೊಡಕಿದೆ. ಸಚಿವರ ಅಧಿಕೃತ ಹೊಣೆಗೆ ಸೇರದ ಪ್ರಶ್ನೆಯನ್ನು ಸಭಾಧ್ಯಕ್ಷರು ಒಪ್ಪುವುದಿಲ್ಲ. ಯೂರೋಪಿಯನ್ ಕೌನ್ಸಿಲ್‌ನ ಶೃಂಗಸಭೆಗಳ ಬಗ್ಗೆ ಉತ್ತರಿಸುವವರು ಪ್ರಧಾನಿ, ವಿದೇಶಾಂಗ ಸಚಿವರಲ್ಲ. ಹೀಗೆ ಹೊಣೆ ಹಂಚಿಹೋದಾಗ ಒಂದೇ ವಿಷಯ ಹಲವು ಖಾತೆಗಳಲ್ಲಿ ಒಡೆದು, ಯಾವ ಒಂದು ಉತ್ತರದಲ್ಲೂ ಪೂರ್ತಿ ಚಿತ್ರ ಮೂಡುವುದಿಲ್ಲ. ಶಾನನ್ ಪ್ರಸಂಗದಲ್ಲಿ ಇದು ನಿಚ್ಚಳವಾಗುತ್ತದೆ.

4. 1957: ಚರ್ಚೆಗೆ ಮತ, ಮಾನ್ಯತೆಗಲ್ಲ

ಐರ್ಲೆಂಡ್ ವಿಶ್ವಸಂಸ್ಥೆಯನ್ನು ಸೇರಿದ್ದು 1955ರ ಡಿಸೆಂಬರಿನಲ್ಲಿ. ಮರುವರ್ಷದ ಜುಲೈನಲ್ಲಿ ಆಗಿನ ಸಚಿವ ಲಿಯಾಮ್ ಕಾಸ್‌ಗ್ರೇವ್ ಡಾಯ್ಲ್‌ನಲ್ಲಿ ಮೂರು ಸೂತ್ರಗಳನ್ನು ಮುಂದಿಟ್ಟರು: ವಿಶ್ವಸಂಸ್ಥೆಯ ಸನ್ನದಿಗೆ ನಿಷ್ಠೆ, ಬಣಗಳಿಂದ ದೂರ ನಿಲ್ಲುವ ಸ್ವಾತಂತ್ರ್ಯ, ಕ್ರೈಸ್ತ ನಾಗರಿಕತೆಯ ರಕ್ಷಣೆ. ಎರಡನೆಯದೂ ಮೂರನೆಯದೂ ಒಂದಕ್ಕೊಂದು ಎದುರಾದರೆ ಏನು? ಆ ಪ್ರಶ್ನೆ ಹೆಚ್ಚು ಕಾಲ ಕಾಯಲಿಲ್ಲ.

1957ರಲ್ಲಿ ಫಿಯಾನಾ ಫಾಯ್ಲ್ ಪಕ್ಷ ಅಧಿಕಾರಕ್ಕೆ ಮರಳಿ ಫ್ರಾಂಕ್ ಏಕನ್ ಸಚಿವರಾದರು. ಚೀನಾದ ಪ್ರಾತಿನಿಧ್ಯದ ಪ್ರಶ್ನೆಯನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಭಾರತ ಆ ವರ್ಷ ಸಾಮಾನ್ಯ ಸಭೆಯಲ್ಲಿ ಪಟ್ಟುಹಿಡಿದಾಗ, ಅಮೆರಿಕದ ವಿರೋಧವನ್ನು ಲೆಕ್ಕಿಸದೆ ಐರ್ಲೆಂಡ್ ಚರ್ಚೆಯ ಪರ ಮತ ಹಾಕಿತು. ದೇಶದಲ್ಲಿ ಕೋಲಾಹಲವೆದ್ದಿತು. ಫಿನ ಗೇಲ್ ಪಕ್ಷ ಸದನದಲ್ಲಿ ಈ ನಡೆಯನ್ನು ಖಂಡಿಸಿತು. ಏಕನ್ ಹಿಡಿದ ನಿಲುವು ಸರಳವಾಗಿತ್ತು: ಒಂದು ವಿಷಯವನ್ನು ಚರ್ಚಿಸೋಣ ಎನ್ನುವುದು ಬೇರೆ, ಪೀಕಿಂಗಿನ ಕಮ್ಯೂನಿಸ್ಟ್ ಸರ್ಕಾರವನ್ನು ಒಪ್ಪುವುದು ಬೇರೆ.

ಈ ಗೆರೆಯನ್ನು ಏಕನ್ ನ್ಯೂಯಾರ್ಕಿನಲ್ಲಿ ಎಳೆದರು. ಅದಕ್ಕೆ ಸಮರ್ಥನೆ ಕೊಡಬೇಕಾದದ್ದು ಮಾತ್ರ ಡಬ್ಲಿನ್ನಿನಲ್ಲಿ. ತನ್ನ ಮತದಾರರ ಶ್ರದ್ಧೆಗೂ ಕಮ್ಯೂನಿಸ್ಟ್ ವಿರೋಧಕ್ಕೂ ಉತ್ತರಿಸಬೇಕಾದ ಸಚಿವ ಪದಗಳನ್ನು ತೂಗಿ ಆಡಲೇಬೇಕಾಯಿತು. ಬಣದ ನಿಷ್ಠೆಗಿಂತ ವಿಷಯದ ಗುಣವನ್ನು ನೋಡಿ ಮತ ಹಾಕುವ ದೇಶ ಎಂಬ ಹೆಸರು ಐರ್ಲೆಂಡಿಗೆ ಬಂದದ್ದು ಈ ಕಾಲದಲ್ಲಿ. ಅಣ್ವಸ್ತ್ರ ಹರಡುವುದನ್ನು ತಡೆಯಲು ಏಕನ್ 1958ರಿಂದ ನಡೆಸಿದ ಪ್ರಯತ್ನ 1961ರಲ್ಲಿ ಸಾಮಾನ್ಯ ಸಭೆಯ ಅವಿರೋಧ ನಿರ್ಣಯವಾಯಿತು. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಅದು ದಾರಿ ತೋರಿತು.

5. ಶಾನನ್: ಭರವಸೆಯನ್ನೇ ನಂಬಿದ ಉತ್ತರ

ಪಶ್ಚಿಮ ಐರ್ಲೆಂಡಿನ ಶಾನನ್ ನಿಲ್ದಾಣ ಅಟ್ಲಾಂಟಿಕ್ ದಾಟುವ ವಿಮಾನಗಳ ಹಳೆಯ ತಂಗುದಾಣ. 1952ರ ಆದೇಶದ ಪ್ರಕಾರ, ವಿದೇಶೀ ಮಿಲಿಟರಿ ವಿಮಾನವೊಂದು ದೇಶದ ಮೇಲೆ ಹಾರಲು ಅಥವಾ ಇಳಿಯಲು ವಿದೇಶಾಂಗ ಸಚಿವರ ಅನುಮತಿ ಬೇಕು. ಅನುಮತಿಗೆ ಷರತ್ತುಗಳಿವೆ: ವಿಮಾನದಲ್ಲಿ ಶಸ್ತ್ರ, ಮದ್ದುಗುಂಡು, ಸ್ಫೋಟಕ ಇರಬಾರದು, ಅದು ಬೇಹುಗಾರಿಕೆ ನಡೆಸಬಾರದು, ಹಾರಾಟವು ಮಿಲಿಟರಿ ಕವಾಯತಿನ ಅಥವಾ ಕಾರ್ಯಾಚರಣೆಯ ಭಾಗವಾಗಿರಬಾರದು.

ಇರಾಕ್ ಯುದ್ಧದ ಹೊತ್ತಿಗೆ ಅಮೆರಿಕದ ಸಾವಿರಾರು ಸೈನಿಕರು ಶಾನನ್ ಮೂಲಕ ಹಾದುಹೋಗುತ್ತಿದ್ದರು. 2003ರ ಮಾರ್ಚ್ 20ರಂದು ಡಾಯ್ಲ್ ಈ ಹಳೆಯ ಏರ್ಪಾಟನ್ನು ಮುಂದುವರಿಸುವ ನಿರ್ಣಯವನ್ನು ಅಂಗೀಕರಿಸಿತು. ಅದೇ ವರ್ಷ ಹೈಕೋರ್ಟಿನ ಮುಂದೆ ಬಂದ ದಾವೆಯಲ್ಲಿ, ಯುದ್ಧದಲ್ಲಿ ಭಾಗವಹಿಸುವುದೆಂದರೇನು ಎಂಬುದನ್ನು ತೀರ್ಮಾನಿಸುವ ಹೊಣೆ ಪ್ರಧಾನವಾಗಿ ಸರ್ಕಾರಕ್ಕೂ ಡಾಯ್ಲ್‌ಗೂ ಸೇರಿದ್ದೆಂದು ನ್ಯಾಯಾಲಯ ಹೇಳಿತು. ನ್ಯಾಯಾಲಯ ಕೈಬಿಟ್ಟ ವಿಷಯ ಮತ್ತೆ ಪ್ರಶ್ನೋತ್ತರದ ಅಂಗಳಕ್ಕೇ ಬಂದು ಬಿದ್ದಿತು.

ಅಂದಿನಿಂದ ವಿಮಾನಗಳನ್ನು ತಪಾಸಣೆ ಮಾಡಿದ್ದೀರಾ ಎಂಬ ಪ್ರಶ್ನೆ ಸರ್ಕಾರಗಳು ಬದಲಾದರೂ ನಿಂತಿಲ್ಲ. ಉತ್ತರದ ಎಲುಬು ಕೂಡ ಬದಲಾಗಲಿಲ್ಲ: ಷರತ್ತುಗಳಿವೆ, ಸಂಬಂಧಪಟ್ಟ ದೇಶ ಭರವಸೆ ಕೊಟ್ಟಿದೆ, ಆ ಭರವಸೆಯನ್ನು ಶಂಕಿಸಲು ಕಾರಣವಿಲ್ಲ. ಸೆರೆಯಾಳುಗಳನ್ನು ಗುಟ್ಟಾಗಿ ಸಾಗಿಸಿದ ಆರೋಪ ಎದ್ದಾಗಲೂ ಅಮೆರಿಕದ ಭರವಸೆಯೇ ಉತ್ತರಕ್ಕೆ ಆಧಾರವಾಯಿತು. ಸೈನಿಕರನ್ನು ಹೊತ್ತ ನಾಗರಿಕ ವಿಮಾನಗಳಲ್ಲಿ ಆಯುಧವಿದ್ದರೆ ಅನುಮತಿ ಕೊಡುವವರು ಸಾರಿಗೆ ಸಚಿವರು. ಅಪರಾಧದ ತನಿಖೆ ಪೊಲೀಸರ ಹೊಣೆ. ಸದಸ್ಯರೊಬ್ಬರಿಗೆ ಪೂರ್ತಿ ಉತ್ತರ ಬೇಕಿದ್ದರೆ ಒಂದೇ ಪ್ರಶ್ನೆಯನ್ನು ಮೂರು ಮನೆಗಳ ಬಾಗಿಲಲ್ಲಿ ಕೇಳಬೇಕು.

ಸಚಿವರು ಸುಳ್ಳು ಹೇಳಿದರೆಂದು ಈ ಉತ್ತರಗಳಿಂದ ಯಾರೂ ತೀರ್ಮಾನಿಸಲಾರರು. ಆದರೆ ಬೇರೆಯವರ ಮಾತನ್ನು ತನ್ನ ಉತ್ತರದ ಬುನಾದಿ ಮಾಡಿಕೊಂಡ ಸರ್ಕಾರ, ತಟಸ್ಥತೆಯ ಗಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ ಆಗುವುದಿಲ್ಲವೇ? ಪ್ರಶ್ನೆ ಮತ್ತೆ ಮತ್ತೆ ಎದ್ದದ್ದು ಈ ಅಳುಕಿನಿಂದಲೇ. ಅದು ನಿಲ್ಲದೆ ಇದ್ದದ್ದರಿಂದ ಷರತ್ತುಗಳು ಸಾರ್ವಜನಿಕ ದಾಖಲೆಯಾಗಿ ಉಳಿದವು. ಯಾವ ಸಚಿವರೂ ಅವನ್ನು ಸದ್ದಿಲ್ಲದೆ ಸಡಿಲಿಸುವುದು ಕಷ್ಟವಾಯಿತು.

6. ಪ್ಯಾಲೆಸ್ತೀನ್: ಪದ ಕದಲಿದಾಗ

1980ರ ಫೆಬ್ರವರಿಯಲ್ಲಿ ಸಚಿವ ಬ್ರಯಾನ್ ಲೆನಿಹನ್ ಬಹ್ರೇನ್‌ನಲ್ಲಿ ಪ್ಯಾಲೆಸ್ತೀನಿಯರ ಸ್ವಂತ ರಾಷ್ಟ್ರದ ಹಕ್ಕನ್ನು ಒಪ್ಪಿದರು. ಯೂರೋಪಿನ ಸಮುದಾಯದಲ್ಲಿ ಆ ಮಾತನ್ನು ಮೊದಲು ಆಡಿದ ದೇಶ ಐರ್ಲೆಂಡ್. ಮಾನ್ಯತೆಗೆ ಮಾತ್ರ ನಾಲ್ಕು ದಶಕ ಹಿಡಿಯಿತು. 2014ರ ಅಂತ್ಯದಲ್ಲಿ ಸಂಸತ್ತಿನ ಎರಡೂ ಮನೆಗಳು ಮಾನ್ಯತೆಯ ಪರವಾಗಿ ನಿರ್ಣಯ ಮಾಡಿದ ಮೇಲೆ ‘ಯಾವಾಗ?’ ಎಂಬ ಒಂದೇ ಪದ ಪ್ರಶ್ನೆಯ ತಿರುಳಾಯಿತು. ಸರ್ಕಾರದ ಸೂತ್ರದ ಪ್ರಕಾರ ಮಾನ್ಯತೆ ಶಾಶ್ವತ ಇತ್ಯರ್ಥದ ಭಾಗವಾಗಿ ಬರಬೇಕಿತ್ತು. ಆ ಇತ್ಯರ್ಥ ದೂರ ಸರಿದಷ್ಟೂ ಸೂತ್ರ ಬಡವಾಯಿತು. ಅದನ್ನು ಹೇಳುವವರಿಗೂ ಕೇಳುವವರಿಗೂ ಅದು ಗೊತ್ತಿತ್ತು. 2021ರ ಮೇ ತಿಂಗಳಲ್ಲಿ ವೆಸ್ಟ್ ಬ್ಯಾಂಕಿನಲ್ಲಿ ನಡೆದಿರುವುದು ವಾಸ್ತವದಲ್ಲಿ ಪರನೆಲವನ್ನು ಸೇರಿಸಿಕೊಳ್ಳುವುದೇ ಎಂಬ ನಿರ್ಣಯವನ್ನು ಡಾಯ್ಲ್ ಅವಿರೋಧವಾಗಿ ಅಂಗೀಕರಿಸಿತು. ಆಗ ಸಚಿವರಾಗಿದ್ದವರು ಸೈಮನ್ ಕೋವ್ನಿ. 2024ರ ಮೇ 28ರಂದು ನಾರ್ವೆ, ಸ್ಪೇನ್ ಜೊತೆಗೂಡಿ ಐರ್ಲೆಂಡ್ ಮಾನ್ಯತೆ ನೀಡಿತು. ಕಾಯುತ್ತಿದ್ದ ಇತ್ಯರ್ಥ ಬಂದಿರಲಿಲ್ಲ, ಷರತ್ತು ಬಿದ್ದುಹೋಗಿತ್ತು.

ಆಕ್ರಮಿತ ಪ್ರದೇಶಗಳ ವಸಾಹತುಗಳೊಂದಿಗೆ ವ್ಯಾಪಾರ ನಿಷೇಧಿಸಲು ಸೆನೆಟರ್ ಫ್ರಾನ್ಸಿಸ್ ಬ್ಲ್ಯಾಕ್ 2018ರಲ್ಲಿ ತಂದ ಮಸೂದೆಯ ಕತೆಯೂ ಹೀಗೆಯೇ. ವ್ಯಾಪಾರ ನೀತಿ ಯೂರೋಪಿಯನ್ ಒಕ್ಕೂಟಕ್ಕೆ ಸೇರಿದ್ದು, ನಮ್ಮ ಕೈಯಲ್ಲಿಲ್ಲ ಎಂಬುದು ವರ್ಷಗಟ್ಟಲೆ ಬಂದ ಉತ್ತರ. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ಪ್ರಕಟಿಸಿದ ಮೇಲೆ, ಸಂದರ್ಭ ಬದಲಾಗಿದೆ ಎಂದು ಸರ್ಕಾರ ಒಪ್ಪಿತು. 2025ರಲ್ಲಿ ತನ್ನದೇ ಕರಡು ಮಸೂದೆಯನ್ನು ಹೊರತಂದಿತು. ಪ್ರಶ್ನೆಗಳೇ ಈ ಬದಲಾವಣೆಗೆ ಕಾರಣವೆಂದು ಹೇಳಿದರೆ ಅತಿಯಾದೀತು. ಗಾಜಾದ ಸಾವುನೋವು, ನ್ಯಾಯಾಲಯದ ಅಭಿಪ್ರಾಯ, ಬೀದಿಗಿಳಿದ ಜನ ಇವೆಲ್ಲ ಸೇರಿ ಬದಲಾವಣೆ ತಂದವು. ಆದರೆ ಹಳೆಯ ಸೂತ್ರವನ್ನು ವರ್ಷಗಟ್ಟಲೆ ದಾಖಲೆಯಲ್ಲಿ ಇಟ್ಟು, ಅದು ಸವೆಯುವುದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದ್ದು ಪ್ರಶ್ನೋತ್ತರ.

7. ಮಿತಿಗಳು

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದು ಐರ್ಲೆಂಡಿನ ಒಳಗಿನಿಂದಲೇ ಬಂದದ್ದು. ಗೋಮಾಂಸ ಉದ್ಯಮದ ಅವ್ಯವಹಾರಗಳ ತನಿಖೆಗೆ 1991ರಲ್ಲಿ ನ್ಯಾಯಮಂಡಳಿಯೊಂದು ನೇಮಕವಾಯಿತು. ಇರಾಕಿಗೆ ರಫ್ತಾದ ಮಾಂಸಕ್ಕೆ ಸರ್ಕಾರ ಕೊಟ್ಟ ರಫ್ತು ಸಾಲ ವಿಮೆಯೂ ಅದರ ಪರಿಶೀಲನೆಯಲ್ಲಿತ್ತು. ವಿಚಾರಣೆಯ ನಡುವೆ ನ್ಯಾಯಮೂರ್ತಿ ಲಿಯಾಮ್ ಹ್ಯಾಮಿಲ್ಟನ್ ಆಡಿದ ಮಾತಿನ ಸಾರ ಹೀಗಿತ್ತು: ಇಲ್ಲಿ ಉತ್ತರಿಸುವಂತೆ ಡಾಯ್ಲ್‌ನಲ್ಲಿ ಉತ್ತರಿಸಿದ್ದರೆ ಈ ತನಿಖೆಯೇ ಬೇಕಾಗುತ್ತಿರಲಿಲ್ಲ. ಪ್ರಶ್ನೋತ್ತರದ ಮೇಲೆ ಇಷ್ಟು ಗಂಭೀರವಾದ ತೀರ್ಪು ಇನ್ನೊಂದು ಸಿಗುವುದು ಕಷ್ಟ.

ಆಕ್ಷೇಪ ನಿಜ. ಬಚ್ಚಿಟ್ಟದ್ದನ್ನು ಹೊರಗೆಳೆಯುವ ಶಕ್ತಿ ಪ್ರಶ್ನೆಗೆ ಕಡಿಮೆ. ಅದಕ್ಕೆ ಸಾಕ್ಷಿಯ ಪ್ರಮಾಣವಚನ, ಕಾಗದಪತ್ರ ತರಿಸುವ ಅಧಿಕಾರ, 1997ರಲ್ಲಿ ಬಂದಂಥ ಮಾಹಿತಿ ಸ್ವಾತಂತ್ರ್ಯ ಕಾಯಿದೆ ಬೇಕು. ಪ್ರಶ್ನೆ ಮಾಡಬಲ್ಲದ್ದು ಬೇರೆ: ಸರ್ಕಾರ ತನ್ನದೆಂದು ಒಪ್ಪಿಕೊಳ್ಳುವ ನಿಲುವನ್ನು ಅದರ ಬಾಯಿಂದಲೇ ನುಡಿಸುವುದು. ಈ ಎರಡು ಕೆಲಸಗಳನ್ನು ಬೆರೆಸಿದರೆ ಪ್ರಶ್ನೋತ್ತರದ ಸೋಲೂ ಗೆಲುವೂ ಎರಡೂ ನಮಗೆ ತಪ್ಪಾಗಿ ಕಾಣುತ್ತವೆ.

8. ಸಮಾಪ್ತಿ

ಹನ್ನೆರಡಕ್ಕಿಂತ ಹೆಚ್ಚು ಸೈನಿಕರನ್ನು ಹೊರದೇಶದ ಶಾಂತಿಪಾಲನೆಗೆ ಕಳಿಸಬೇಕಾದರೆ ಐರ್ಲೆಂಡಿನಲ್ಲಿ ಮೂರು ಬೀಗ ತೆರೆಯಬೇಕು: ವಿಶ್ವಸಂಸ್ಥೆಯ ಆದೇಶ, ಸರ್ಕಾರದ ತೀರ್ಮಾನ, ಡಾಯ್ಲ್‌ನ ಒಪ್ಪಿಗೆ. ಭದ್ರತಾ ಮಂಡಳಿಯ ವೀಟೊ ತನ್ನ ಕೈ ಕಟ್ಟಬಾರದೆಂದು ಸರ್ಕಾರ ಮೊದಲ ಬೀಗವನ್ನು ತೆಗೆಯಲು ಹೊರಟಿದ್ದು, ಅದರ ಕರಡಿಗೆ 2025ರ ಮಾರ್ಚಿನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು. 2020ರಿಂದ ಒಬ್ಬರೇ ಸಚಿವರು ವಿದೇಶಾಂಗವನ್ನೂ ರಕ್ಷಣೆಯನ್ನೂ ನೋಡುವ ಪದ್ಧತಿ ಬಂದದ್ದರಿಂದ, ಈ ವಿಷಯದಲ್ಲಿ ಎರಡು ಬಾಗಿಲು ತಟ್ಟಬೇಕಾಗಿದ್ದ ಸದಸ್ಯರಿಗೆ ಈಗ ಒಂದೇ ಬಾಗಿಲು.

ಒಂದು ಬೀಗ ಕಳಚಿದರೆ ಉಳಿದ ಎರಡರ ಮೇಲೆ ಭಾರ ಹೆಚ್ಚುತ್ತದೆ. ನ್ಯೂಯಾರ್ಕ್ ಹೇಳಿದೆ ಎಂಬ ಉತ್ತರ ಆಗ ಸಚಿವರ ಕೈಯಲ್ಲಿರುವುದಿಲ್ಲ. ಯಾಕೆ ಕಳಿಸುತ್ತೀರಿ ಎಂದು ಸದನ ಕೇಳಿದರೆ ತನ್ನ ದೇಶದ ವಿವೇಚನೆಯನ್ನೇ ಅವರು ಮುಂದಿಡಬೇಕು. ನಿಯೆಂಬಾದ ಹೊಂಚುದಾಳಿಯಲ್ಲಿ 1960ರ ನವೆಂಬರ್ 8ರಂದು ಒಂಬತ್ತು ಸೈನಿಕರನ್ನು ಕಾಂಗೋದಲ್ಲಿ ಕಳೆದುಕೊಂಡ ದೇಶಕ್ಕೆ ಆ ‘ಯಾಕೆ’ ಎಷ್ಟು ತೂಕದ್ದೆಂದು ಗೊತ್ತು. ತಟಸ್ಥತೆಯನ್ನು ಸಂವಿಧಾನದಲ್ಲಿ ಬರೆಯದ ಜನ ಅದನ್ನು ಸಚಿವರ ಮಾತಿನಲ್ಲಿ ಬರೆಸುತ್ತ ಬಂದಿದ್ದಾರೆ. ಆದ್ದರಿಂದ ಪ್ರಶ್ನೆ ಕೇಳುವ ಸದಸ್ಯರು ಹಿಂದಿನ ಉತ್ತರವನ್ನು ಕೈಯಲ್ಲಿ ಹಿಡಿದೇ ಏಳಬೇಕು.